ವಾಂಗ್ ವಿಯೆಂಗ್‌ಗೆ ಹೊರಟವರಿಗೆ: ಕುಡಿಯದವನೆಂಬ ಧೈರ್ಯ ಸಾಲದು

ಲಾವೋಸ್ ದೇಶದ ವಾಂಗ್ ವಿಯೆಂಗ್‌ಗೆ ಹೋಗುವ ಯೋಚನೆಯಲ್ಲಿರುವವರು, ಅದರಲ್ಲೂ ‘ನಾವು ಕುಡಿಯುವವರಲ್ಲ, ರಾತ್ರಿ ತಿರುಗುವವರಲ್ಲ, ಅಲ್ಲಿನ ಗದ್ದಲ ನಮ್ಮನ್ನೇನು ಮಾಡೀತು’ ಎಂದುಕೊಂಡಿರುವವರು, ಕೋಣೆ ಕಾಯ್ದಿರಿಸುವ ಮೊದಲು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. 2024ರ ಜನವರಿಯಲ್ಲಿ ಚಿಕ್ಕಪ್ಪನ ಮಗನ ಜೊತೆ ನಾನು ಅಲ್ಲಿ ನಾಲ್ಕು ರಾತ್ರಿ ಉಳಿದಿದ್ದೆ. ಅವನಿಗೆ 26, ನನಗೆ 48. ನಾನು ಸಸ್ಯಾಹಾರಿ, ರಕ್ತದೊತ್ತಡಕ್ಕೆ ದಿನಾ ಮಾತ್ರೆ ನುಂಗುವವನು, ಬಿಯರನ್ನು ಸಹ ಬಾಯಿಗೆ ಸೋಕಿಸಿದವನಲ್ಲ. ಇಷ್ಟು ಇದ್ದರೆ ನನಗೆ ನಾನೇ ಕಾವಲು ಎಂದು ನಂಬಿದ್ದೆ.

ಊರು ಚೆಂದವಿಲ್ಲವೆಂದು ಯಾರೂ ಹೇಳಲಾರರು. ನಾಮ್ ಸಾಂಗ್ ನದಿ, ಅದರಾಚೆ ನೆಟ್ಟಗೆ ಎದ್ದು ನಿಂತ ಸುಣ್ಣದಕಲ್ಲಿನ ಬೆಟ್ಟಗಳು, ಬೆಳಗಿನ ಮಂಜು. ರಾಜಧಾನಿ ವಿಯೆಂಟಿಯಾನ್‌ನಿಂದ 2021ರ ಡಿಸೆಂಬರಿನಲ್ಲಿ ಶುರುವಾದ ರೈಲಿನಲ್ಲಿ ಒಂದು ತಾಸಿನ ದಾರಿ. ಆದರೆ ಬೆನ್ನಚೀಲ ಹೊತ್ತು ಕಡಿಮೆ ಖರ್ಚಿನಲ್ಲಿ ತಿರುಗುವ ಪ್ರಪಂಚದ ಬ್ಯಾಕ್‌ಪ್ಯಾಕರ್‌ಗಳ ನಡುವೆ ಈ ಊರಿಗೆ ಹೆಸರು ಬಂದದ್ದು ಬೆಟ್ಟಗಳಿಂದಲ್ಲ. ಟ್ರ್ಯಾಕ್ಟರ್ ಚಕ್ರದ ಟ್ಯೂಬಿನಲ್ಲಿ ಕುಳಿತು ನದಿಯಲ್ಲಿ ತೇಲುತ್ತ, ದಡದ ಬಾರ್‌ಗಳವರು ಹಗ್ಗ ಎಸೆದು ಎಳೆದುಕೊಂಡಾಗಲೆಲ್ಲ ಇಳಿದು ಕುಡಿದು, ಮತ್ತೆ ತೇಲುವ ಆಟದಿಂದ. 2011ರ ಒಂದೇ ವರ್ಷದಲ್ಲಿ ಊರಿನ ಪುಟ್ಟ ಆಸ್ಪತ್ರೆ 27 ಪ್ರವಾಸಿಗರ ಸಾವನ್ನು ದಾಖಲಿಸಿತ್ತು. ಮರುವರ್ಷ ಸರ್ಕಾರ ದಡದ ಬಾರ್‌ಗಳನ್ನು ಮುಚ್ಚಿಸಿತು. ಹೀಗಾಗಿ ‘ಅದೆಲ್ಲ ಹಳೆಯ ಕಥೆ’ ಎಂದು ಹಲವರು ಹೇಳಿದ್ದನ್ನು ನಾವು ನಂಬಿದೆವು. ಗದ್ದಲ ಕಡಿಮೆಯಾಗಿದೆ ಎಂಬುದು ನಿಜ, ಅದು ಊರು ಬಿಟ್ಟು ಹೋಗಿಲ್ಲ.

ಮೊದಲ ತಪ್ಪು ವಸತಿಯದು, ಅದು ನನ್ನದೇ. ಎಲ್ಲಕ್ಕಿಂತ ಅಗ್ಗದ, ಹೆಚ್ಚು ಅಂಕ ಪಡೆದ ಒಂದು ಹಾಸ್ಟೆಲ್ ಆರಿಸಿದೆ. ಆ ಅಂಕಗಳನ್ನು ಕೊಟ್ಟವರು ಯಾರು, ಯಾವುದಕ್ಕೆ ಕೊಟ್ಟರು ಎಂದು ನೋಡಲಿಲ್ಲ. ‘ಇಲ್ಲಿ ಗೆಳೆಯರು ಬೇಗ ಸಿಗುತ್ತಾರೆ’, ‘ವಾತಾವರಣ ಅದ್ಭುತ’ ಎಂದು ಇಪ್ಪತ್ತರ ಹರೆಯದವರು ಬರೆದಿದ್ದರೆ ಅದರ ಅರ್ಥ ‘ಇಲ್ಲಿ ನಿದ್ದೆ ಬರುವುದಿಲ್ಲ’ ಎಂದು ಓದಿಕೊಳ್ಳಬೇಕು. ಸಂಜೆಯಾದರೆ ಒಂದು ತಾಸು ಉಚಿತ ಮದ್ಯ, ಆಮೇಲೆ ಚೆಂಡು ಎಸೆದು ಸೋತವರಿಗೆ ಕುಡಿಸುವ ಆಟ, ನಡುರಾತ್ರಿಯವರೆಗೂ ನೆಲ ಅದುರುವಂಥ ಸಂಗೀತ. ಕಿವಿಗೆ ಹತ್ತಿ ಇಟ್ಟುಕೊಂಡರೂ ಮಂಚದ ಕಬ್ಬಿಣ ನಡುಗುತ್ತಿತ್ತು. ಬೇರೆ ಕಡೆ ಹೋಗೋಣವೆಂದರೆ ನಾಲ್ಕು ರಾತ್ರಿಯ ಹಣ ಮುಂಗಡವಾಗಿ ಕೊಟ್ಟಾಗಿತ್ತು, ವಾಪಸು ಕೊಡುವ ಮಾತೇ ಇಲ್ಲವೆಂದರು. ಮೊದಲ ರಾತ್ರಿಗೆ ಮಾತ್ರ ಕಾಯ್ದಿರಿಸಿ, ಕಣ್ಣಾರೆ ಕಂಡು, ಆಮೇಲೆ ಮುಂದಿನದನ್ನು ನಿರ್ಧರಿಸಿ.

ನದಿಗೆ ಇಳಿದದ್ದು ಎರಡನೆಯ ದಿನ. ರಾತ್ರಿ ನಿದ್ದೆಯಿಲ್ಲದ ಕಾರಣ ತಡವಾಗಿ ಎದ್ದು, ಮಧ್ಯಾಹ್ನ ಮೂರರ ಹೊತ್ತಿಗೆ ಟ್ಯೂಬ್ ಬಾಡಿಗೆಗೆ ಪಡೆದೆವು. ಅಂಗಡಿಯವನು ತಡೆಯಲಿಲ್ಲ, ಹೊತ್ತಾಯಿತೆಂದು ಸಹ ಹೇಳಲಿಲ್ಲ. ಜನವರಿಯಲ್ಲಿ ನೀರು ಕಡಿಮೆ, ಹರಿವು ನಿಧಾನ, ಮೇಲಾಗಿ ಸಂಜೆ ಆರಕ್ಕೆ ಮುಂಚೆಯೇ ಸೂರ್ಯ ಬೆಟ್ಟದ ಹಿಂದೆ ಇಳಿಯುತ್ತಾನೆ. ಊರು ಇನ್ನೂ ಕಾಣದಿರುವಾಗಲೇ ಕತ್ತಲಾಯಿತು, ನೀರು ಮೈ ಕೊರೆಯತೊಡಗಿತು, ಎಲ್ಲಿ ದಡ ಸೇರಬೇಕೆಂಬುದು ತಿಳಿಯಲಿಲ್ಲ. ಜೀವರಕ್ಷಕ ಜಾಕೆಟ್ ಇತ್ತು, ಆದರೆ ಕತ್ತಲಲ್ಲಿ ಬಂಡೆಗೆ ತಾಗಿದ ಮೊಣಕಾಲನ್ನು ಅದು ಕಾಯುವುದಿಲ್ಲ. ಬಲೆ ಬಿಡುತ್ತಿದ್ದ ಒಬ್ಬ ಹಿರಿಯರು ಟಾರ್ಚ್ ಬೀಸಿ ನಮ್ಮನ್ನು ದಡಕ್ಕೆ ಕರೆದರು. ಅಲ್ಲಿಂದ ಹೊಲದ ಬದುವಿನ ಮೇಲೆ ಬರಿಗಾಲಲ್ಲಿ, ಹೆಗಲ ಮೇಲೆ ಟ್ಯೂಬ್ ಹೊತ್ತು ನಡೆದೆವು. ಅಂಗಡಿಗೆ ಮುಟ್ಟಿದಾಗ ತಡವಾದುದಕ್ಕೆ ದಂಡ ಬೇರೆ. ತೇಲಲೇಬೇಕೆಂದಿದ್ದರೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ನೀರಿಗೆ ಇಳಿಯಿರಿ.

ಇನ್ನು ಮುಖ್ಯ ಸಂಗತಿ. ಸಸ್ಯಾಹಾರಿಗೆ ಲಾವೋಸ್ ಸುಲಭದ ನೆಲವಲ್ಲ, ಏಕೆಂದರೆ ಸೊಪ್ಪಿನ ಪಲ್ಯದಲ್ಲೂ ಮೀನಿನ ಸಾರದ ವಾಸನೆ ಇರುತ್ತದೆ. ಹೀಗಾಗಿ ನನ್ನಂಥವರು ಪಿಜ್ಜಾ, ಹಣ್ಣಿನ ಶೇಕ್ ಎಂದು ವಿದೇಶಿಯರಿಗಾಗಿಯೇ ತೆರೆದ ಅಂಗಡಿಗಳತ್ತ ತಿರುಗುತ್ತೇವೆ, ಅಪಾಯವಿರುವುದೂ ಅಲ್ಲೇ. ಮೂರನೆಯ ಸಂಜೆ ಅಂಥದೊಂದು ಅಂಗಡಿಯಲ್ಲಿ ಬಾಳೆಹಣ್ಣಿನ ಶೇಕ್ ಕೇಳಿದೆ. ಹುಡುಗ ‘ಹ್ಯಾಪಿ?’ ಎಂದ. ಕುಶಲ ವಿಚಾರಿಸುತ್ತಿದ್ದಾನೆಂದುಕೊಂಡು ನಗುನಗುತ್ತ ಹೌದೆಂದೆ. ಈ ಮಾತು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಈ ಬರಹಕ್ಕೆ ಅರ್ಥವೇ ಇಲ್ಲ. ಅಲ್ಲಿ ‘ಹ್ಯಾಪಿ’ ಎಂದರೆ ಗಾಂಜಾ ಅಥವಾ ಬೇರೆ ಅಮಲು ಪದಾರ್ಥ ಬೆರೆಸಿದ್ದು ಎಂದರ್ಥ.

ನಮ್ಮ ಕಡೆ ಹೋಳಿಯಲ್ಲಿ ಭಂಗಿ ಕುಡಿದವರನ್ನು ಕಂಡವರಿಗೆ ಗೊತ್ತು, ಹೊಟ್ಟೆಗೆ ಹೋದದ್ದು ತಕ್ಷಣ ಏರುವುದಿಲ್ಲ. ಒಂದೂವರೆ ತಾಸಿನ ನಂತರ, ಕೋಣೆಗೆ ಬಂದು ಮಲಗಿದಾಗ, ಎದೆ ಡೋಲು ಬಡಿದಂತೆ ಬಡಿದುಕೊಳ್ಳತೊಡಗಿತು, ಬಾಯಿ ಒಣಗಿತು, ಗಡಿಯಾರದ ಮುಳ್ಳು ಮುಂದೆ ಹೋಗುವುದನ್ನೇ ಮರೆತಂತಿತ್ತು. ಹೃದಯಾಘಾತವೆಂದೇ ನಂಬಿ ಊರಿನಲ್ಲಿರುವ ಹೆಂಡತಿಯ ನಂಬರನ್ನು ತಮ್ಮನ ಕೈಯಲ್ಲಿ ಬರೆಸಿದೆ. ಅವನು ಅಂಗಡಿಗೆ ಓಡಿದ. ಅವರು ತಿಂಡಿಪಟ್ಟಿಯ ಹಿಂದಿನ ಪುಟ ತೋರಿಸಿದರಂತೆ. ಹಾಸ್ಟೆಲ್‌ನ ಕೌಂಟರಿನಲ್ಲಿದ್ದವನು ನಕ್ಕು, ಮಲಗಿದರೆ ಸರಿಹೋಗುತ್ತದೆ ಎಂದ. ವೈದ್ಯರ ಬಳಿ ಹೋಗೋಣವೆಂದರೆ ಇನ್ನೊಂದು ಭಯ: ಲಾವೋಸ್‌ನಲ್ಲಿ ಗಾಂಜಾ ಅಪರಾಧ. ಪಕ್ಕದ ಥಾಯ್ಲೆಂಡ್ 2022ರಲ್ಲಿ ಅದನ್ನು ಮಾದಕವಸ್ತುಗಳ ಪಟ್ಟಿಯಿಂದ ತೆಗೆದದ್ದರಿಂದ ಆಗ ಅಲ್ಲಿಂದ ಬರುತ್ತಿದ್ದವರು ಇಲ್ಲೂ ಹಾಗೆಯೇ ಎಂದುಕೊಳ್ಳುತ್ತಿದ್ದರು, ಅದು ತಪ್ಪು. ಬೆಳಗಿನ ನಾಲ್ಕರವರೆಗೆ ಗೋಡೆಗೆ ಒರಗಿ ಕುಳಿತಿದ್ದೆ. ನನ್ನ ರಕ್ತದೊತ್ತಡ ಇನ್ನೂ ಸ್ವಲ್ಪ ಹೆಚ್ಚಿದ್ದಿದ್ದರೆ ಏನಾಗುತ್ತಿತ್ತೋ ತಿಳಿಯದು. ಆ ಶಬ್ದ ಕಿವಿಗೆ ಬಿದ್ದರೆ ಶೇಕ್ ಇರಲಿ, ಆಮ್ಲೆಟ್ ಇರಲಿ, ‘ನೋ ಹ್ಯಾಪಿ’ ಎಂದು ಸ್ಪಷ್ಟವಾಗಿ ಹೇಳಿ. ಅದಕ್ಕಿಂತ ಒಳ್ಳೆಯದು, ಅಂಥ ಪಟ್ಟಿಯಿರುವ ಅಂಗಡಿಯಲ್ಲಿ ಊಟವನ್ನೇ ಮಾಡದಿರುವುದು.

ಸ್ಕೂಟರಿನ ಕಥೆ ಚಿಕ್ಕದು. ಒತ್ತೆಯಾಗಿ ಪಾಸ್‌ಪೋರ್ಟ್ ಕೊಟ್ಟೆವು, ವಾಪಸು ಮಾಡುವಾಗ ಮೊದಲೇ ಇದ್ದ ಗೀರಿಗೆ 15 ಲಕ್ಷ ಕಿಪ್, ಅಂದರೆ ಸುಮಾರು 6 ಸಾವಿರ ರೂಪಾಯಿ ಕೇಳಿದರು. ಪಾಸ್‌ಪೋರ್ಟ್ ಅವರ ಕೈಯಲ್ಲಿದ್ದಾಗ ವಾದಕ್ಕೆ ಬಲವೆಲ್ಲಿಂದ ಬರಬೇಕು? ಒತ್ತೆಗೆ ಹಣ ಕೊಡಿ, ಗಾಡಿಯ ವಿಡಿಯೋ ತೆಗೆದಿಟ್ಟುಕೊಳ್ಳಿ.

ನಾಲ್ಕನೆಯ ದಿನ ಸೇತುವೆ ದಾಟಿ ನದಿಯ ಪಶ್ಚಿಮ ದಡಕ್ಕೆ ಹೋದಾಗ, ಗದ್ದೆಗಳ ನಡುವೆ ಸಾಧಾರಣ ಬೆಲೆಯ ಗುಡಿಸಲು ಮನೆಗಳು, ಮಕ್ಕಳೊಂದಿಗೆ ಬಂದ ಕುಟುಂಬಗಳು, ಪೂರ್ತಿ ಮೌನ. ಅದೇ ಊರು, ಅದೇ ಬೆಟ್ಟ. ಮೊದಲೇ ಇಲ್ಲಿ ಇಳಿದುಕೊಂಡಿದ್ದರೆ ಈ ಬರಹದ ಮುಕ್ಕಾಲು ಪಾಲು ಇರುತ್ತಿರಲಿಲ್ಲ.

ನಾವು ಮರಳಿ ಹತ್ತು ತಿಂಗಳಿಗೆ, ಅದೇ 2024ರ ನವೆಂಬರಿನಲ್ಲಿ, ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ಎಂಬ ವಿಷಕಾರಿ ಆಲ್ಕೋಹಾಲ್ ಬೆರೆತ ಮದ್ಯದಿಂದ ಆರು ಮಂದಿ ವಿದೇಶಿ ಪ್ರವಾಸಿಗರು ತೀರಿಕೊಂಡರು. ಅವರಲ್ಲಿ ಇಬ್ಬರು 19 ವರ್ಷದ ಆಸ್ಟ್ರೇಲಿಯದ ಹುಡುಗಿಯರು, ಚಿಕಿತ್ಸೆಗಾಗಿ ಅವರನ್ನು ಥಾಯ್ಲೆಂಡಿಗೆ ಸಾಗಿಸಬೇಕಾಯಿತು. ಕಳ್ಳಬಟ್ಟಿ ದುರಂತ ನಮಗೆ ಹೊಸದಲ್ಲ, 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಹೀಗೆಯೇ ಸತ್ತಿದ್ದರು. ಮೆಥನಾಲನ್ನು ರುಚಿಯಿಂದಾಗಲಿ ವಾಸನೆಯಿಂದಾಗಲಿ ಗುರುತಿಸಲಾಗದು. ದೇಹ ಅದನ್ನು ಫಾರ್ಮಿಕ್ ಆಮ್ಲವಾಗಿ ಮಾಡಿಕೊಳ್ಳಲು ಹಲವು ತಾಸು ಬೇಕು, ಅಲ್ಲಿಯವರೆಗೆ ಸಾಮಾನ್ಯ ಅಮಲಿನಂತೆಯೇ ತೋರುತ್ತದೆ. ಮರುದಿನ ಕಣ್ಣು ಮಂಜಾಗುವುದು, ವಾಂತಿ, ಏದುಸಿರು ಕಂಡರೆ ‘ಮಲಗಿದರೆ ಸರಿಹೋಗುತ್ತದೆ’ ಎನ್ನುವವರ ಮಾತು ಕೇಳಬೇಡಿ, ಡಯಾಲಿಸಿಸ್ ಇರುವ ಆಸ್ಪತ್ರೆಗೆ ಹೊರಡಿ. ಜೊತೆಯಲ್ಲಿ ಕುಡಿಯುವವರಿದ್ದರೆ ಅವರೆದುರೇ ಮುಚ್ಚಳ ತೆರೆದ ಬಿಯರಿಗೆ ಮಾತ್ರ ನಿಲ್ಲಿಸಿ, ಬಕೆಟ್‌ನಲ್ಲಿ ಬೆರೆಸಿ ಕೊಡುವುದನ್ನೂ ಉಚಿತವಾಗಿ ಸುರಿಯುವುದನ್ನೂ ಮುಟ್ಟಗೊಡಬೇಡಿ.

ಆ ಸುದ್ದಿ ಬಂದ ರಾತ್ರಿ ಹನ್ನೊಂದಕ್ಕೆ ತಮ್ಮ ಫೋನ್ ಮಾಡಿದ. ಅಲ್ಲಿದ್ದಷ್ಟೂ ದಿನ ಬಾಟಲಿ ಬಿಯರ್ ಬಿಟ್ಟು ಬೇರೇನನ್ನೂ ಮುಟ್ಟಿಲ್ಲವೆಂದು ಅವನು ನನಗೆ ಹೇಳಿದ್ದ. ಬಹಳ ಹೊತ್ತು ಸುಮ್ಮನಿದ್ದು, “ಅಣ್ಣ, ನೀನು ಬೈಬೇಡ, ಆ ಫ್ರೀ ಕೊಡ್ತಿದ್ರಲ್ಲ, ನಾನು ಮೂರು ದಿನಾನೂ ತಗೊಂಡಿದ್ದೆ” ಎಂದ.