ಹಾರ್ಟ್ ಮನೆಯ ಮೂರು ಶೋಗಳು: ಒಂದೇ ಸಂಜೆ ಇದ್ದರೆ ಯಾವುದನ್ನು ನೋಡಬೇಕು?

ತೊಂಬತ್ತರ ದಶಕದಲ್ಲಿ ಸ್ಕೂಲಿಗೆ ಹೋದವರಿಗೆ ಅಮೆರಿಕದ ಕುಸ್ತಿ ಕಂಪನಿ ಡಬ್ಲ್ಯೂಡಬ್ಲ್ಯೂಎಫ್ ಹೆಸರಿನ ಟ್ರಂಪ್ ಕಾರ್ಡು ನೆನಪಿರಬೇಕು. ಎತ್ತರ, ತೂಕ, ಎದೆಯ ಸುತ್ತಳತೆ. ಯಾರ ನಂಬರ್ ಜಾಸ್ತಿಯೋ ಅವರಿಗೆ ಕಾರ್ಡು. ಆ ಆಟದಲ್ಲಿ ಬ್ರೆಟ್ ಹಾರ್ಟ್ ಕೈಗೆ ಬಂದರೆ ಕಷ್ಟ. ಎದುರಿಗೆ ಯೊಕೊಝುನಾ ಬಂದರೆ ತೂಕದಲ್ಲಿ ಸೋಲು, ಅಂಡರ್‌ಟೇಕರ್ ಬಂದರೆ ಎತ್ತರದಲ್ಲಿ ಸೋಲು. ಆದರೂ ನನಗೆ ಬ್ರೆಟ್ ಅಂದರೆ ಪ್ರಾಣ. ಕೇಬಲ್ ಟಿವಿಯಲ್ಲಿ ಅವನ ಕುಸ್ತಿಯನ್ನು ತುಂಡು ತುಂಡಾಗಿ ನೋಡಿ ಬೆಳೆದವನು ನಾನು. ಅಮೆರಿಕದಲ್ಲಿ ಆಗ ಜನ ಒಂದೊಂದು ದೊಡ್ಡ ಶೋಗೂ ಬೇರೆಯಾಗಿ ದುಡ್ಡು ಕಟ್ಟಿ ಮನೆಯಲ್ಲಿ ನೋಡುತ್ತಿದ್ದರು, ಅದಕ್ಕೆ ಪೇ-ಪರ್-ವ್ಯೂ ಅನ್ನುತ್ತಿದ್ದರು ಎಂದು ತಿಳಿದಿದ್ದು ಎಷ್ಟೋ ವರ್ಷ ಆದ ಮೇಲೆ.

ಈಚೆಗೆ ಅಕ್ಕನ ಮಗ ನಮ್ಮ ಮನೆಯಲ್ಲಿ ಕೆಲವು ವಾರ ಇದ್ದ. ಪಿಯುಸಿ ಹುಡುಗ. "ಅದೆಲ್ಲ ಮೊದಲೇ ಮಾತಾಡಿಕೊಂಡು ಆಡೋದು ಅಲ್ವಾ ಮಾಮ? ಅದರಲ್ಲಿ ನೋಡೋಕೆ ಏನಿದೆ?" ಎಂದು ಕೇಳಿದ. ಹೌದು, ಯಾರು ಗೆಲ್ಲಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರುತ್ತದೆ. ಆದರೆ ನೋಡೋಕೆ ಏನಿದೆ ಎಂದು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಸರಿ ಅನ್ನಿಸಿತು. ಬ್ರೆಟ್ ಹುಟ್ಟಿದ, ಕೆನಡಾದ ಹಾರ್ಟ್ ಕುಸ್ತಿ ಮನೆತನದ ಕಥೆ ಇರುವ ಮೂರು ಶೋಗಳನ್ನು ಆರಿಸಿದೆ: 1992ರ ಸಮ್ಮರ್‌ಸ್ಲ್ಯಾಮ್, 1994ರ ರೆಸಲ್‌ಮೇನಿಯಾ 10, 1997ರ ಕೆನಡಿಯನ್ ಸ್ಟಾಂಪೀಡ್. ಮೂರು ಶನಿವಾರ, ಮೂರು ಶೋ. ಮೊದಲಿಂದ ಕೊನೆವರೆಗೆ ನೋಡಬೇಕು, ಎಲ್ಲೂ ಮುಂದಕ್ಕೆ ಓಡಿಸಬಾರದು, ಇಬ್ಬರ ಫೋನೂ ಪಕ್ಕದ ರೂಮಿನಲ್ಲಿ. ಏನೂ ಗೊತ್ತಿಲ್ಲದವನನ್ನು ಯಾವುದು ಹಿಡಿದು ಕೂರಿಸುತ್ತದೆ ಎಂದು ನೋಡಬೇಕಿತ್ತು.

ಮೊದಲ ಶನಿವಾರ ಸಮ್ಮರ್‌ಸ್ಲ್ಯಾಮ್. 1992ರ ಆಗಸ್ಟ್ 29, ಲಂಡನ್ನಿನ ಹಳೆಯ ವೆಂಬ್ಲಿ ಸ್ಟೇಡಿಯಂ. ಕಂಪನಿ ಹೇಳಿದ ಲೆಕ್ಕ 80,355 ಜನ. ಅಮೆರಿಕದ ಟಿವಿಯಲ್ಲಿ ಬಂದಿದ್ದು ಎರಡು ದಿನ ಬಿಟ್ಟು. ನೋಡೋಕೆ ಇದರಷ್ಟು ಚೆಂದದ ಶೋ ಇನ್ನೊಂದಿಲ್ಲ. ಹಗಲು ಬೆಳಕಿನಲ್ಲಿ ಶುರುವಾಗುತ್ತದೆ, ಕುಸ್ತಿ ನಡೆಯುತ್ತಿದ್ದ ಹಾಗೆಯೇ ನಿಧಾನವಾಗಿ ಕತ್ತಲಾಗುತ್ತದೆ. ಲೀಜನ್ ಆಫ್ ಡೂಮ್ ಎಂಬ ಜೋಡಿ ಬೈಕಿನಲ್ಲಿ ಬರುತ್ತಾರೆ. ಅಂಡರ್‌ಟೇಕರ್ ಹೆಣದ ಗಾಡಿಯಲ್ಲಿ ಬರುತ್ತಾನೆ. ಆದರೆ ಕಣ್ಣಿಗೆ ಹಬ್ಬ ಆದಷ್ಟು ಕುಸ್ತಿಯಲ್ಲಿ ಸತ್ವ ಇಲ್ಲ. ನಡುವಿನ ಎಷ್ಟೋ ಮ್ಯಾಚುಗಳು ಸುಮ್ನೆ ಬಂದು ಹೋಗುತ್ತವೆ. ಸ್ಯಾವೇಜ್ ಮತ್ತು ವಾರಿಯರ್ ನಡುವಿನ ಚಾಂಪಿಯನ್ ಮ್ಯಾಚು ಕೂಡ, ರಿಕ್ ಫ್ಲೇರ್ ಬಂದು ಸ್ಯಾವೇಜ್‌ನ ಮೊಣಕಾಲಿಗೆ ಏಟು ಹಾಕಿ, ಕೌಂಟ್‌ಔಟ್‌ನಲ್ಲಿ (ಅಂದರೆ ರೆಫರಿ ಎಣಿಸಿ ಮುಗಿಸುವುದರೊಳಗೆ ಸ್ಯಾವೇಜ್ ರಿಂಗಿಗೆ ಮರಳಲಾಗದೆ) ಮುಗಿದುಹೋಗುತ್ತದೆ. ಹುಡುಗ ಎರಡು ಸಲ ನೀರು ಕುಡಿಯೋಕೆ ಎದ್ದ.

ಕೊನೆಯ ಮ್ಯಾಚಿಗೆ ಮಾತ್ರ ಸರಿಯಾಗಿ ಕೂತ. ಬ್ರೆಟ್ ಎದುರು ಬ್ರಿಟಿಷ್ ಬುಲ್‌ಡಾಗ್, ಅಂದರೆ ಡೇವಿ ಬಾಯ್ ಸ್ಮಿತ್. ಡೇವಿ ಬ್ರೆಟ್‌ನ ತಂಗಿ ಡಯಾನಾಳ ಗಂಡ. ಬಾಮೈದ ಮತ್ತು ಭಾವನ ಕುಸ್ತಿ, ನಡುವೆ ಕಣ್ಣೀರು ಹಾಕುತ್ತಾ ಕೂತ ಹೆಣ್ಣುಮಗಳು. ಇದಕ್ಕೆ ನಮ್ಮ ಮನೆಗಳಲ್ಲಿ ಯಾರಿಗೂ ವಿವರಣೆ ಬೇಕಿಲ್ಲ! ಬಾಕ್ಸರ್ ಲೆನಾಕ್ಸ್ ಲೂಯಿಸ್ ಬ್ರಿಟನ್ ಬಾವುಟ ಹಿಡಿದು ಡೇವಿಯನ್ನು ಕರೆದುಕೊಂಡು ಬರುತ್ತಾನೆ. ಮ್ಯಾಚು 25 ನಿಮಿಷ. ಬ್ರೆಟ್ ಆಮೇಲೆ ಹೇಳಿದ ಪ್ರಕಾರ, ಡೇವಿಗೆ ಮಧ್ಯದಲ್ಲಿ ಎಲ್ಲ ಮರೆತುಹೋಗಿ, ಒಂದೊಂದು ಪಟ್ಟನ್ನೂ ಬ್ರೆಟ್ಟೇ ಮೆಲ್ಲಗೆ ಹೇಳಿಕೊಟ್ಟು ಆಡಿಸಿದ. ಇದನ್ನು ಹೇಳಿದ ಮೇಲೆ ಹುಡುಗ ಬ್ರೆಟ್‌ನ ಬಾಯನ್ನೇ ನೋಡತೊಡಗಿದ. ಕೊನೆಗೆ ಬ್ರೆಟ್ ಹಾಕಲು ಹೋದ ಪಟ್ಟನ್ನೇ ಅವನ ಮೇಲೆ ಕೂತು ತಡೆದು ಡೇವಿ ಚಿತ್ ಮಾಡುತ್ತಾನೆ. ಊರಿನ ಹುಡುಗ ಗೆದ್ದ. ಬ್ರೆಟ್ ಮುಖ ತಿರುಗಿಸಿ ಹೊರಟವನು ಮತ್ತೆ ಬಂದು ಕೈ ಕುಲುಕುತ್ತಾನೆ. ಈ 25 ನಿಮಿಷಕ್ಕಾಗಿ ಇಡೀ ಶೋ ನೋಡಬಹುದು. ಆದರೆ ಅದಕ್ಕೆ ಮೊದಲು ಎರಡು ಗಂಟೆಗೂ ಜಾಸ್ತಿ ಕಾಯಬೇಕು.

ಎರಡನೆಯದು ರೆಸಲ್‌ಮೇನಿಯಾ 10. 1994ರ ಮಾರ್ಚ್ 20, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಇದು ವೆಂಬ್ಲಿಗೆ ಪೂರ್ತಿ ಉಲ್ಟಾ. ಅತಿ ಒಳ್ಳೆಯ ಊಟವನ್ನು ಎಲೆ ಹಾಕಿದ ತಕ್ಷಣ ಬಡಿಸಿಬಿಡುತ್ತಾರೆ. ಮೊದಲ ಮ್ಯಾಚೇ ಬ್ರೆಟ್ ಮತ್ತು ಅವನ ಕೊನೆಯ ತಮ್ಮ ಓವನ್. ಆ ವರ್ಷದ ಜನವರಿಯಲ್ಲಿ, ರಾಯಲ್ ರಂಬಲ್ ರಾತ್ರಿ, ಮೊಣಕಾಲು ನೋವಿನಲ್ಲಿದ್ದ ಅಣ್ಣನ ಕಾಲಿಗೇ ತಮ್ಮ ಒದ್ದಿದ್ದ. ಇಪ್ಪತ್ತು ನಿಮಿಷ ಅಣ್ಣ ತಮ್ಮಂದಿರು ಒಬ್ಬರ ಪಟ್ಟು ಒಬ್ಬರು ಬಿಡಿಸುತ್ತಾ ಹೋಗುತ್ತಾರೆ. ಇಬ್ಬರೂ ಒಂದೇ ಗರಡಿಯವರು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಓವನ್ ಗೆಲ್ಲುತ್ತಾನೆ, ಅದೂ ಮೋಸ ಮಾಡಿ ಅಲ್ಲ, ಸರಿಯಾಗಿ ಚಿತ್ ಮಾಡಿ. ನನ್ನ ಮಟ್ಟಿಗೆ ಮೂರು ಶೋಗಳಲ್ಲಿ ಇದೇ ಅತ್ಯುತ್ತಮ ಕುಸ್ತಿ. ವೆಂಬ್ಲಿಯಲ್ಲಿ ಬ್ರೆಟ್ ಒಬ್ಬನೇ ಇಬ್ಬರ ಭಾರ ಹೊತ್ತ. ಇಲ್ಲಿ ತಮ್ಮ ಅಣ್ಣನಿಗೆ ಸಮ.

ಇದೇ ಶೋನಲ್ಲಿ ರೇಝರ್ ರಮೋನ್ ಮತ್ತು ಶಾನ್ ಮೈಕಲ್ಸ್ ಏಣಿ ಮ್ಯಾಚು ಇದೆ. ಮೇಲೆ ಎರಡು ಚಾಂಪಿಯನ್ ಬೆಲ್ಟು ತೂಗುಹಾಕಿ, ಏಣಿ ಹತ್ತಿ ಕಿತ್ತುಕೊಂಡವನು ಗೆದ್ದ ಹಾಗೆ. ಅಕ್ಕನ ಮಗನಿಗೆ ಅತಿ ಹೆಚ್ಚು ಹಿಡಿಸಿದ್ದು ಇದು. ಇವತ್ತಿನ ಹುಡುಗರಿಗೆ ಅದು ಸಹಜ. ನಾನು ಅವನಿಗೆ ಹೇಳಿದ್ದು ಒಂದೇ: ಈ ಏಣಿ ಆಟವೂ ಹಾರ್ಟ್ ಮನೆಯ ಕಡೆಯಿಂದಲೇ ಬಂದಿದ್ದು. ಬ್ರೆಟ್‌ನ ಅಪ್ಪ ಸ್ಟೂ ಹಾರ್ಟ್ ಕೆನಡಾದ ಕ್ಯಾಲ್ಗರಿಯಲ್ಲಿ ನಡೆಸುತ್ತಿದ್ದ ಕುಸ್ತಿ ಕಂಪನಿ ಸ್ಟಾಂಪೀಡ್ ರೆಸ್ಲಿಂಗ್‌ನಲ್ಲಿ 1970ರ ದಶಕದಲ್ಲೇ ಇದು ಶುರುವಾಗಿತ್ತು. ಡಬ್ಲ್ಯೂಡಬ್ಲ್ಯೂಎಫ್‌ನಲ್ಲಿ ಮೊದಲ ಏಣಿ ಮ್ಯಾಚು ಆಡಿದವರೂ 1992ರಲ್ಲಿ ಬ್ರೆಟ್ ಮತ್ತು ಶಾನ್.

ಈ ಎರಡು ಮ್ಯಾಚು ಬಿಟ್ಟರೆ ಉಳಿದದ್ದು ಜೊಳ್ಳು. ಯೊಕೊಝುನಾ ಮತ್ತು ಲೆಕ್ಸ್ ಲೂಗರ್ ಮ್ಯಾಚಿನಲ್ಲಿ ನನಗೇ ನಿದ್ದೆ ಬಂತು. ಕೊನೆಯಲ್ಲಿ ಬ್ರೆಟ್ ಯೊಕೊಝುನಾನನ್ನು ಸೋಲಿಸಿ ಚಾಂಪಿಯನ್ ಆಗುತ್ತಾನೆ. ಜೊತೆಗಾರರು ಅವನನ್ನು ಹೆಗಲ ಮೇಲೆ ಎತ್ತಿಕೊಳ್ಳುತ್ತಾರೆ. ದೂರದಲ್ಲಿ ಓವನ್ ನಿಂತು ನೋಡುತ್ತಾನೆ. ಬೆಳಿಗ್ಗೆ ಅಣ್ಣನನ್ನು ಗೆದ್ದವನು ಸಂಜೆ ಅಣ್ಣನ ಹಬ್ಬ ನೋಡುತ್ತಾ ನಿಂತ ಹಾಗೆ. ಆ ನೋಟ ಚೆನ್ನಾಗಿದೆ, ತುಂಬಾ ಚೆನ್ನಾಗಿದೆ.

ಮೂರನೆಯ ಶನಿವಾರ ಕೆನಡಿಯನ್ ಸ್ಟಾಂಪೀಡ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ಇದೇ. ಇದು ದೊಡ್ಡ ಶೋ ಅಲ್ಲ. ದೊಡ್ಡ ಶೋಗಳ ನಡುವಿನ ತಿಂಗಳುಗಳಿಗೆಂದು 1995ರ ಮೇನಲ್ಲಿ ಇನ್ ಯುವರ್ ಹೌಸ್ ಎಂಬ ಸಾಲು ಶುರು ಮಾಡಿದ್ದರು. ಚಿಕ್ಕ ಶೋ, ಕಡಿಮೆ ಬೆಲೆ, ಶುರುವಿನಲ್ಲಿ 14.95 ಡಾಲರ್. ಆ ಸಾಲಿನದ್ದು ಇದು. 1997ರ ಜುಲೈ 6, ಕ್ಯಾಲ್ಗರಿಯ ಸ್ಯಾಡಲ್‌ಡೋಮ್, 12,151 ಜನ. ಒಟ್ಟು ನಾಲ್ಕೇ ಮ್ಯಾಚು. ಎರಡು ಗಂಟೆಯೊಳಗೆ ಮುಗಿಯುತ್ತದೆ.

ನಾಲ್ಕೂ ಬೇರೆ ಬೇರೆ ರುಚಿ. ಮ್ಯಾನ್‌ಕೈಂಡ್ ಮತ್ತು ಹಂಟರ್ ಹರ್ಸ್ಟ್ ಹೆಲ್ಮ್ಸ್‌ಲಿ ಹೊಡೆದಾಡುತ್ತಾ ರಿಂಗಿನಿಂದ ಆಚೆ ಹೋಗುತ್ತಾರೆ. ಮ್ಯಾಚು ಮುಗಿದರೂ ಅವರ ಜಗಳ ಮುಗಿಯುವುದಿಲ್ಲ, ಆಮೇಲೂ ಅಲ್ಲಿ ಇಲ್ಲಿ ಕಾಣುತ್ತಲೇ ಇರುತ್ತಾರೆ. ಆಮೇಲೆ ಜಪಾನಿನ ಗ್ರೇಟ್ ಸಾಸುಕೆ ಮತ್ತು ಟಾಕಾ ಮಿಚಿನೋಕು. ಇಬ್ಬರೂ ಸಣ್ಣ ಆಳುಗಳು, ಕ್ಯಾಲ್ಗರಿಯ ಜನಕ್ಕೆ ಗೊತ್ತಿಲ್ಲದವರು. ಹತ್ತು ನಿಮಿಷದಲ್ಲಿ ಇಡೀ ಸಭಾಂಗಣವನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ಅಂಡರ್‌ಟೇಕರ್ ಮತ್ತು ವೇಡರ್ ಮ್ಯಾಚು ಎರಡು ಕೋಣಗಳ ಕಾಳಗ. ಹುಡುಗ ಒಂದು ಸಲವೂ ಏಳಲಿಲ್ಲ.

ಆಮೇಲೆ ಕೊನೆಯ ಮ್ಯಾಚು. ಅದರ ಹಿನ್ನೆಲೆ ಹೇಳದಿದ್ದರೆ ಆಗುವುದಿಲ್ಲ. ಆ ವರ್ಷ ಬ್ರೆಟ್ ಅಮೆರಿಕದಲ್ಲಿ ವಿಲನ್, ಕೆನಡಾದಲ್ಲಿ ದೇವರು. ಸ್ಟೀವ್ ಆಸ್ಟಿನ್ ಅಮೆರಿಕದಲ್ಲಿ ಹೀರೋ. ಒಂದು ಕಡೆ ಹಾರ್ಟ್ ಫೌಂಡೇಶನ್: ಬ್ರೆಟ್, ಓವನ್, ಡೇವಿ, ಇನ್ನೊಬ್ಬ ಅಳಿಯ ಜಿಮ್ ನೀಡ್‌ಹಾರ್ಟ್, ಮತ್ತು ಬ್ರಯಾನ್ ಪಿಲ್ಮನ್. ಪಿಲ್ಮನ್ ಮನೆಯವನಲ್ಲ, ಆದರೆ ಕ್ಯಾಲ್ಗರಿಯಲ್ಲಿ ಫುಟ್‌ಬಾಲ್ ಆಡಲು ಬಂದು, ಸ್ಟೂ ಹಾರ್ಟ್ ಕಡೆಯೇ ಕುಸ್ತಿ ಕಲಿತವನು. ಇನ್ನೊಂದು ಕಡೆ ಆಸ್ಟಿನ್, ಶಾಮ್‌ರಾಕ್, ಗೋಲ್ಡಸ್ಟ್, ಲೀಜನ್ ಆಫ್ ಡೂಮ್‌ನ ಹಾಕ್ ಮತ್ತು ಅನಿಮಲ್.

ಸ್ಟೂ ಹಾರ್ಟ್ ಮನೆಯ ನೆಲಮಾಳಿಗೆಯೇ ಒಂದು ಗರಡಿ. ಅದಕ್ಕೆ ಡಂಜನ್ ಎಂದು ಹೆಸರು. ಹನ್ನೆರಡು ಮಕ್ಕಳ ಆ ಮನೆಯ ಕುಸ್ತಿಯನ್ನು ಕ್ಯಾಲ್ಗರಿ ಜನ ತಲೆಮಾರುಗಳಿಂದ ನೋಡಿದ್ದಾರೆ. ಜುಲೈಯಲ್ಲಿ ಊರಿನ ಸ್ಟಾಂಪೀಡ್ ಜಾತ್ರೆ ಬೇರೆ. ಐವರೂ ಒಬ್ಬೊಬ್ಬರಾಗಿ ಬರುತ್ತಾರೆ, ಬ್ರೆಟ್ ಕೊನೆಗೆ. ಆಗ ಆ ಜನ ಹಾಕುವ ಕೂಗು! ಟಿವಿ ಸೌಂಡು ಕಡಿಮೆ ಮಾಡಬೇಕಾಯಿತು. ವೆಂಬ್ಲಿಯ ಎಂಬತ್ತು ಸಾವಿರ ಜನರ ಸದ್ದು ಆಕಾಶಕ್ಕೆ ಹೋಗಿಬಿಡುತ್ತದೆ. ಇಲ್ಲಿ ಹನ್ನೆರಡು ಸಾವಿರ ಜನರ ಸದ್ದು ಛಾವಣಿಗೆ ಬಡಿದು ವಾಪಸ್ ಬರುತ್ತದೆ. ದಸರಾ ಕುಸ್ತಿಯಲ್ಲಿ ಮೈಸೂರಿನ ಪೈಲ್ವಾನ ಅಖಾಡಕ್ಕೆ ಇಳಿದಾಗ ಅವನ ಗರಡಿಯ ಹುಡುಗರು ಕೂಗುವುದನ್ನು ಕೇಳಿದವರಿಗೆ ಇದು ಅರ್ಥವಾಗುತ್ತದೆ.

ಮುಂದಿನ ಸಾಲಿನಲ್ಲಿ 82 ವರ್ಷದ ಸ್ಟೂ, ಪಕ್ಕದಲ್ಲಿ ಹೆಂಡತಿ ಹೆಲೆನ್, ಸುತ್ತ ಮಕ್ಕಳು ಮೊಮ್ಮಕ್ಕಳು. ಆಸ್ಟಿನ್ ಓವನ್‌ನ ಮೊಣಕಾಲಿಗೆ ಏಟು ಹಾಕುತ್ತಾನೆ, ಓವನ್‌ನನ್ನು ಒಳಗೆ ಕರೆದುಕೊಂಡು ಹೋಗುತ್ತಾರೆ. ಆಮೇಲೆ ಆಸ್ಟಿನ್‌ಗೂ ಅದೇ ಗತಿ. ಇಬ್ಬರೂ ಕುಂಟುತ್ತಾ ವಾಪಸ್ ಬರುತ್ತಾರೆ. ಆಸ್ಟಿನ್ ಮುದುಕ ಸ್ಟೂ ಮೇಲೆಯೇ ಕೈ ಹಾಕುತ್ತಾನೆ. ಗಂಡುಮಕ್ಕಳೆಲ್ಲ ಮುಗಿಬೀಳುತ್ತಾರೆ. ಆ ಗದ್ದಲದಲ್ಲಿ ಆಸ್ಟಿನ್ ರಿಂಗಿಗೆ ಬಿದ್ದಾಗ ಓವನ್ ಹಿಂದಿನಿಂದ ಬಂದು ಅವನನ್ನು ಮಡಚಿ ಚಿತ್ ಮಾಡುತ್ತಾನೆ. ಬ್ರೆಟ್ ಅಲ್ಲ, ಓವನ್. ಇಡೀ ಮನೆ ರಿಂಗಿಗೆ ಹತ್ತಿಬಿಡುತ್ತದೆ. ನಮ್ಮ ಹುಡುಗ ಸೋಫಾದಿಂದ ಎದ್ದು ನಿಂತಿದ್ದ.

ಈ ಸಂಭ್ರಮ ನೋಡುವಾಗ ನನಗೆ ಮುಂದಿನದ್ದು ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ನಾಲ್ಕು ವಾರದಲ್ಲಿ, ಆಗಸ್ಟ್ 3ರಂದು, ಇದೇ ಓವನ್ ಹಾಕಿದ ಪಟ್ಟಿನಲ್ಲಿ ಆಸ್ಟಿನ್‌ನ ಕುತ್ತಿಗೆಗೆ ನಿಜವಾಗಿಯೂ ಪೆಟ್ಟಾಯಿತು. ಅಕ್ಟೋಬರ್ 5ರಂದು ಪಿಲ್ಮನ್ ತೀರಿಕೊಂಡ. ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ ಬ್ರೆಟ್‌ಗೇ ಗೊತ್ತಿಲ್ಲದ ಹಾಗೆ ಮ್ಯಾಚು ಮುಗಿಯಿತೆಂದು ಗಂಟೆ ಬಾರಿಸಿ ಅವನ ಬೆಲ್ಟು ಕಿತ್ತುಕೊಂಡರು, ಅವನು ಕಂಪನಿ ಬಿಟ್ಟ. 1999ರ ಮೇ 23ರಂದು ಕ್ಯಾನ್ಸಾಸ್ ಸಿಟಿಯಲ್ಲಿ ಮೇಲಿನಿಂದ ಇಳಿಯುವಾಗ ಬಿದ್ದು ಓವನ್ ಸತ್ತ. ಡೇವಿ 2002ರಲ್ಲಿ, ನೀಡ್‌ಹಾರ್ಟ್ 2018ರಲ್ಲಿ. ಐವರಲ್ಲಿ ಉಳಿದಿರುವುದು ಬ್ರೆಟ್ ಒಬ್ಬನೇ. ಶೋ ಮುಗಿದ ಮೇಲೆ ಇದನ್ನೆಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ನಿಮ್ಮ ಹತ್ತಿರ ಅರ್ಧ ಗಂಟೆ ಮಾತ್ರ ಇದ್ದರೆ ರೆಸಲ್‌ಮೇನಿಯಾ 10ರ ಮೊದಲ ಮ್ಯಾಚು ನೋಡಿ, ಟಿವಿ ಆರಿಸಿ. ಒಂದು ಸಂಜೆ ಇದ್ದರೆ ಕೆನಡಿಯನ್ ಸ್ಟಾಂಪೀಡ್, ಕಣ್ಣು ಮುಚ್ಚಿ. ಮೂರು ಸಂಜೆ ಇದ್ದರೆ ನಾವು ನೋಡಿದ ಹಾಗೆ ವರ್ಷದ ಪ್ರಕಾರವೇ ನೋಡಿ. ಯಾಕೆಂದರೆ ವೆಂಬ್ಲಿಯಲ್ಲಿ ಬ್ರೆಟ್‌ನನ್ನು ಸೋಲಿಸಿದ ಡೇವಿ, ನ್ಯೂಯಾರ್ಕಿನಲ್ಲಿ ಸೋಲಿಸಿದ ಓವನ್, ಇಬ್ಬರೂ ಕ್ಯಾಲ್ಗರಿಯಲ್ಲಿ ಅವನ ಪಕ್ಕದಲ್ಲೇ ನಿಂತಿರುತ್ತಾರೆ. ಅಪ್ಪ ಅಮ್ಮನ ಮುಂದೆ.