ಪೆಂಡಾಲ್, ಹಾಲ್, ವಾಡೆ, ಬೀದಿ: ಮೃದಂಗದ ಎಡಗೈ ಎಲ್ಲಿ ಚೆನ್ನಾಗಿ ಕೇಳುತ್ತದೆ?

ಬೆಂಗಳೂರಿನ ಚಾಮರಾಜಪೇಟೆಯ ರಾಮನವಮಿ ಕಚೇರಿಯಲ್ಲಿ ತನಿ, ಅಂದರೆ ಹಾಡು ನಿಲ್ಲಿಸಿ ಮೃದಂಗಕ್ಕೇ ಬಿಟ್ಟುಕೊಡುವ ಭಾಗ, ಶುರುವಾದರೆ ಸಾಕು, ಒಂದು ಸದ್ದು ಕೇಳುತ್ತದೆ. ಮೃದಂಗದ್ದಲ್ಲ, ಕುರ್ಚಿ ಸರಿಯುವ ಸದ್ದು. ಹಾಡುವವರು ಮೃದಂಗದವರ ಕಡೆ ತಿರುಗಿ ಕೈ ತೋರಿಸುವುದೇ ತಡ, ಅರ್ಧ ಸಾಲು ಎದ್ದು ಕಾಫಿಗೆ ಹೊರಡುತ್ತದೆ. ಬೈಯುವವರು ಬೈಯಲಿ, ನನಗೆ ಮಾತ್ರ ಅದು ಅನುಕೂಲ. ಆ ಗಡಿಬಿಡಿಯಲ್ಲಿ ನಾನು ನಾಲ್ಕು ಸಾಲು ಮುಂದೆ ಹೋಗಿ ಕೂರುತ್ತೇನೆ.

ಚಿಕ್ಕವನಿದ್ದಾಗ ಮೈಸೂರಿನಲ್ಲಿ ಮೂರು ವರ್ಷ ಮೃದಂಗ ಕಲಿತಿದ್ದೆ. ‘ತ ದಿ ತೊಂ ನಂ’ ದಾಟಿ ಜಾಸ್ತಿ ದೂರ ಹೋಗಲಿಲ್ಲ. ಕೈಗೆ ಹತ್ತಲಿಲ್ಲ, ಕಿವಿಗೆ ಹತ್ತಿತು. ಹಾಗಾಗಿ ಕಚೇರಿಯಿಂದ ಹೊರಗೆ ಬಂದ ಮೇಲೆ ಎಲ್ಲರೂ ಕಲ್ಯಾಣಿ ರಾಗ ಹೇಗಿತ್ತು, ಶಾರೀರ ಹೇಗಿತ್ತು ಅಂತ ಮಾತಾಡುತ್ತಿದ್ದರೆ ನಾನು ಎಡಗೈ ಹೇಗಿತ್ತು ಅಂತ ಯೋಚಿಸುತ್ತಿರುತ್ತೇನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮೃದಂಗದ ಬಲಬದಿಗೆ ಕರಣೆ ಅನ್ನುವ ಕಪ್ಪು ಲೇಪ ಕಾಯಂ ಇರುತ್ತದೆ. ಎಡಬದಿಗೆ ಕಚೇರಿಗೆ ಸ್ವಲ್ಪ ಮುಂಚೆ ರವೆಯನ್ನು ನೀರಿನಲ್ಲಿ ಕಲಸಿ ಮೆತ್ತುತ್ತಾರೆ. ಆ ರವೆಯಿಂದಲೇ ಎಡಬದಿಗೆ ಭಾರ ಬರುವುದು. ಅಲ್ಲಿ ಬೆರಳು ಬಡಿದು ಮಣಿಕಟ್ಟು ಒತ್ತಿದಾಗ ಪಾರಿವಾಳ ಗುಟುರು ಹಾಕಿದ ಹಾಗೆ ಒಂದು ‘ಗುಂ’ ಏಳುತ್ತದಲ್ಲ, ಅದು ಗುಮಕಿ. ಯಾವ ಜಾಗದಲ್ಲಿ ಕಚೇರಿ ಕೇಳುವುದು ವಾಸಿ ಅಂತ ಯಾರಾದರೂ ಕೇಳಿದರೆ ನಾನು ಆ ಗುಮಕಿ ಹಿಡಿದೇ ಅಳೆಯುತ್ತೇನೆ. ಇದು ಪಕ್ಷಪಾತದ ಅಳತೆ ಅಂತ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಚಾಮರಾಜಪೇಟೆಯಿಂದಲೇ ಶುರುಮಾಡೋಣ. ಶ್ರೀ ರಾಮಸೇವಾ ಮಂಡಳಿ 1939ರಲ್ಲಿ ಹುಟ್ಟಿದ್ದು. ಕೋಟೆ ಹೈಸ್ಕೂಲ್ ಮೈದಾನದಲ್ಲಿ ಪೆಂಡಾಲ್ ಹಾಕಿ ತಿಂಗಳ ಮಟ್ಟಿಗೆ ಕಚೇರಿ ನಡೆಸುತ್ತಾರೆ. ಎಂ.ಎಸ್. ಸುಬ್ಬುಲಕ್ಷ್ಮಿ, ಭೀಮಸೇನ ಜೋಶಿ ಹಾಡಿದ ವೇದಿಕೆ. ಏಸುದಾಸ್ ಅವರ ಕಚೇರಿಯ ದಿನವಂತೂ ಕಾಲಿಡಲು ಜಾಗ ಇರುತ್ತಿರಲಿಲ್ಲ. ಒಂದು ವರ್ಷ ನಾನು ಪೂರ್ತಿ ಕಂಬ ಒರಗಿ ನಿಂತೇ ಕೇಳಿದೆ. ನನ್ನ ಮುಂದಿದ್ದ ಅಜ್ಜಿ ಚೀಟಿಯಲ್ಲಿ ಒಂದು ದೇವರನಾಮದ ಹೆಸರು ಬರೆದು ಮುಂದಿನವರಿಗೆ ಕೊಟ್ಟರು. ಆ ಚೀಟಿ ಕೈಯಿಂದ ಕೈಗೆ ಹೋಗುವುದನ್ನು ಇಡೀ ಸಾಲು ನೋಡುತ್ತಿತ್ತು. ಅದು ವೇದಿಕೆ ಮುಟ್ಟಿತೋ ಇಲ್ಲವೋ, ದೇವರಿಗೇ ಗೊತ್ತು. ಅಜ್ಜಿ ಮಾತ್ರ ಮಂಗಳದ ತನಕ ಕತ್ತು ಉದ್ದ ಮಾಡಿಕೊಂಡೇ ಕೂತಿದ್ದರು.

ಆ ಜಾಗದಲ್ಲಿ ಗಲಾಟೆ ಇದೆ. ಒಂದು ಕಡೆ ಮಾರ್ಕೆಟ್ಟು, ಇನ್ನೊಂದು ಕಡೆ ಆಸ್ಪತ್ರೆಗಳು. ತೋಡಿಯ ಆಲಾಪನೆ ಗಾಂಧಾರದಲ್ಲಿ ನಿಂತಿರುವಾಗ ಆಂಬುಲೆನ್ಸ್ ತನ್ನದೇ ಎರಡು ಸ್ವರ ಹಾಡಿಕೊಂಡು ಹೋಗುತ್ತದೆ. ಏಪ್ರಿಲ್ ಸೆಕೆ, ಮಧ್ಯೆ ದಢಾರ್ ಅಂತ ಒಂದು ಮಳೆ. ಮೇಲಿನ ಶೀಟಿನ ಮೇಲೆ ಮಳೆ ಬಿದ್ದರೆ ಪಿಟೀಲು ಬರೀ ಕೈ ಆಡಿಸಿದ ಹಾಗೆ ಕಾಣುತ್ತದೆ, ಅಷ್ಟೇ. ಗುಮಕಿ? ಸ್ಪೀಕರ್ ಬಾಕ್ಸಿನ ಹತ್ತಿರ ಕೂತರೆ ಅದು ‘ಗುಂ’ ಅಲ್ಲ, ‘ಧಂ’. ಹೊಟ್ಟೆಯೊಳಗೆ ಕೇಳುತ್ತದೆ. ದೂರ ಕೂತರೆ ಪರವಾಗಿಲ್ಲ. ಆದರೆ ಆ ಪೆಂಡಾಲಿನಂಥ ಕೇಳುಗರನ್ನು ಬೇರೆಲ್ಲೂ ಕಾಣಲಾರಿರಿ. ಪಕ್ಕದವರು ತಾಳ ಹಾಕುವುದು ತಪ್ಪಿದರೆ ಹಿಂದಿನ ಸಾಲಿನವರು ಭುಜ ತಟ್ಟಿ ಸರಿಮಾಡುತ್ತಾರೆ. ನನಗೂ ಒಮ್ಮೆ ಆಗಿದೆ, ಖಂಡಛಾಪು ಹೋಗುತ್ತಿದ್ದಾಗ ಸುಮ್ನೆ ಆದಿತಾಳ ಹಾಕುತ್ತಿದ್ದೆ. “ಸಾರ್, ಐದು, ಎಂಟಲ್ಲ” ಅಂದರು. ಅಷ್ಟೇ.

ಚೌಡಯ್ಯ ಸ್ಮಾರಕ ಭವನ ಇದಕ್ಕೆ ಪೂರ್ತಿ ಉಲ್ಟಾ. ಕಟ್ಟಡವೇ ಪಿಟೀಲಿನ ಆಕಾರ. ತಂತಿ, ಬಿರಡೆ, ಕುದುರೆ, ಕಮಾನು ಎಲ್ಲ ಇದೆ. 1980ರಲ್ಲಿ ಶುರುವಾದ ಹಾಲ್, ಸಾವಿರ ಚಿಲ್ಲರೆ ಸೀಟು. ಒಳಗೆ ತಂಪು, ಮೆತ್ತನೆ ಕುರ್ಚಿ, ಬಾಗಿಲು ಹಾಕಿದರೆ ಬೆಂಗಳೂರು ಹೊರಗೆ. ಆರಾಮ ಅಂದರೆ ಆರಾಮ. ಮೊದಲ ವರ್ಣಕ್ಕೇ ನಿದ್ದೆ ಹೋದವರನ್ನು ಅಲ್ಲಿ ನೋಡಿದ್ದೇನೆ, ಪೆಂಡಾಲಿನಲ್ಲಿ ನೋಡಿಲ್ಲ.

ಪಿಟೀಲು ವಿದ್ವಾಂಸ ಚೌಡಯ್ಯನವರ ಕಥೆ ನೆನೆದರೆ ಈ ಹಾಲ್‌ನಲ್ಲಿ ಕೂತಾಗೆಲ್ಲ ನನಗೆ ಒಂದು ಥರ ಅನಿಸುತ್ತದೆ. ಆ ಕಾಲದಲ್ಲಿ ಮೈಕು ಇರಲಿಲ್ಲ. ಹಿಂದೆ ಕೂತವರಿಗೆ ಪಿಟೀಲು ಕೇಳುತ್ತಿರಲಿಲ್ಲ. ಅದಕ್ಕೇ ಅವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡರು. ಕೊನೆಯ ಸಾಲಿನವನಿಗೂ ನಾದ ಮುಟ್ಟಲಿ ಅಂತ. ಅವರ ಹೆಸರಿನ ಭವನದಲ್ಲಿ ಈಗ ಪಿಟೀಲಿಗೂ ಮೈಕು, ಘಟಕ್ಕೂ ಮೈಕು. ಕಲಾವಿದರು ಮೊದಲ ಹತ್ತು ನಿಮಿಷ “ಮಾನಿಟರ್ ಸ್ವಲ್ಪ ಜಾಸ್ತಿ” ಅಂತ ಬೆರಳು ಎತ್ತುವುದರಲ್ಲೇ ಕಳೆಯುತ್ತಾರೆ. ಆದರೂ ಸೌಂಡಿನವರು ಬುದ್ಧಿವಂತರಾದರೆ, ಮೃದಂಗಕ್ಕೆ ಎರಡೂ ಬದಿ ಮೈಕು ಕೊಟ್ಟಿದ್ದರೆ, ಗುಮಕಿ ಅಲ್ಲಿ ಸ್ಪಷ್ಟ. ಒಂದೊಂದು ಏಟೂ ಬಿಡಿಬಿಡಿ. ಲೆಕ್ಕಾಚಾರ ಕೇಳಬೇಕು, ತನಿ ಮುಗಿಸುವ ಲೆಕ್ಕದ ಜೋಡಣೆ, ಅಂದರೆ ಕೋರ್ವೆ, ಹೇಗೆ ಸಮಕ್ಕೆ ಬಂತು ಅಂತ ಹಿಡಿಯಬೇಕು ಅನ್ನುವವರಿಗೆ ಈ ಹಾಲೇ ಸರಿ. ಕಲಿಯುವ ಮಕ್ಕಳನ್ನು ನಾನು ಇಲ್ಲಿಗೇ ಕಳಿಸುತ್ತೇನೆ. ನಾನು ಹೋಗುವುದು ಮಾತ್ರ ಪೆಂಡಾಲಿಗೆ.

ಮೈಸೂರು ಅರಮನೆಯ ಮುಂದಿನ ದಸರಾ ಕಚೇರಿ ಬಗ್ಗೆ ಜಾಸ್ತಿ ಹೇಳಲ್ಲ. ಹೋಗಬೇಕು, ಒಮ್ಮೆಯಾದರೂ. ಆದರೆ ಕೇಳಲು ಅಲ್ಲ. ವೇದಿಕೆ ಅರಮನೆಯ ಮುಂದೆ, ಜನ ಅರಮನೆಗೆ ಮುಖ ಮಾಡಿ ಕೂರುತ್ತಾರೆ. ಒಂದು ಸಂಜೆ ಕೊಳಲು ನಡೆಯುತ್ತಿತ್ತು. ಹಂಸಧ್ವನಿ. ದೀಪ ಹೊತ್ತಿತು ನೋಡಿ, ಒಂದು ಲಕ್ಷದ ಹತ್ತಿರ ಬಲ್ಬು ಒಟ್ಟಿಗೆ! ಇಡೀ ಸಭೆ ‘ಹೋ’ ಅಂತು. ಕೊಳಲಿನವರು ಒಂದು ಕ್ಷಣ ತಮಗೇ ಅಂದುಕೊಂಡಿರಬೇಕು, ನಕ್ಕು ತಲೆಬಾಗಿದರು. ಪಾಪ, ಅರಮನೆ ಅವರ ಬೆನ್ನ ಹಿಂದಿತ್ತು. ಆಮೇಲೆ ಯಾರೂ ಕೊಳಲು ಕೇಳಲಿಲ್ಲ, ಎಲ್ಲರ ಫೋನೂ ಮೇಲೆ. ನಾನೂ ಎತ್ತಿದೆ, ಸುಳ್ಳು ಯಾಕೆ.

ಇನ್ನು ದುಡ್ಡು ಕೊಟ್ಟು ಹೋಗುವ ದೊಡ್ಡ ಶೋಗಳು. ಎರಡು ಅನುಭವ ಇದೆ, ಒಂದಕ್ಕೊಂದು ಸಂಬಂಧವೇ ಇಲ್ಲ.

ಒಂದು ಸಿನಿಮಾ ಹಾಡುಗಳ ಶೋ, ಊರ ಹೊರಗಿನ ಮೈದಾನದಲ್ಲಿ. ಟಿಕೆಟ್ 3,500 ರೂಪಾಯಿ. ಕೈಗೆ ಪಟ್ಟಿ ಕಟ್ಟಿದರು, ನೀರಿನ ಬಾಟಲಿ ಕಿತ್ತುಕೊಂಡರು, ಒಳಗೆ ಅದೇ ನೀರನ್ನು ಮೂರು ಪಟ್ಟು ಬೆಲೆಗೆ ಮಾರಿದರು. ನಮ್ಮ ಭಾಗದಿಂದ ವೇದಿಕೆಯ ಮೇಲಿನ ಮನುಷ್ಯರು ಅಕ್ಕಿಕಾಳಿನಷ್ಟು. ಹಾಗಾಗಿ ಪರದೆ ನೋಡಬೇಕು. ಪರದೆಯಲ್ಲಿ ತುಟಿ ಮೊದಲು ಆಡುತ್ತದೆ, ಹಾಡು ಆಮೇಲೆ ಬರುತ್ತದೆ. ತಪ್ಪು ಯಾರದ್ದೂ ಅಲ್ಲ, ಅಷ್ಟು ದೂರ ಸದ್ದು ನಡೆದು ಬರಬೇಕಲ್ಲ! ನೂರು ಮೀಟರಿಗೆ ಕಾಲು ಸೆಕೆಂಡಿಗಿಂತ ಜಾಸ್ತಿ ಬೇಕು ಅದಕ್ಕೆ. ಮುಗಿದ ಮೇಲೆ ಪಾರ್ಕಿಂಗಿನಿಂದ ಗಾಡಿ ಹೊರಗೆ ತೆಗೆಯಲು ಎರಡು ಗಂಟೆ. ಹೆಂಡತಿ ಹೊರಡುವ ಮುಂಚೆಯೇ “ಮನೇಲೇ ಹಾಕ್ಕೊಂಡು ಕೇಳೋಣ” ಅಂದಿದ್ದಳು. ವಾಪಸ್ ಬರುವಾಗ ಕಾರಿನಲ್ಲಿ ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಇನ್ನೊಂದು, 2011ರ ಅಕ್ಟೋಬರ್ 30, ಬೆಂಗಳೂರಿನ ಅರಮನೆ ಮೈದಾನದಲ್ಲಿ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ. ಮೃದಂಗದವನಿಗೆ ಅಲ್ಲೇನು ಕೆಲಸ ಅಂತ ನಗಬೇಡಿ. ಬೆಂಗಳೂರಿಗೆ ಆ ಹುಚ್ಚು ಹೊಸದಲ್ಲ. ಅದೇ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್ ಆಗಿತ್ತು, ಅದಕ್ಕೂ ಮುಂಚೆ 2003ರಲ್ಲಿ ರೋಲಿಂಗ್ ಸ್ಟೋನ್ಸ್. ನನ್ನನ್ನು ಎಳೆದುಕೊಂಡು ಹೋದದ್ದು ಆಫೀಸಿನ ಗೆಳೆಯ. ಗುರ್‌ಗಾಂವ್‌ನಲ್ಲಿ ಅದಕ್ಕೆ ಮುಂಚೆ ಆಗಬೇಕಿದ್ದ ಶೋ ರದ್ದಾಗಿತ್ತು, ಇಲ್ಲೂ ಆಗದೇ ಹೋದರೆ ಅಂತ ಅವನಿಗೆ ಬೆಳಿಗ್ಗೆಯಿಂದ ಊಟ ಸೇರಿರಲಿಲ್ಲ. ಆಯಿತು. ಡ್ರಮ್ಮಿನ ದೊಡ್ಡ ಪೀಪಾಯಿಗೆ ಕಾಲಿನ ಪೆಡಲ್ ಬಿದ್ದಾಗ ಅಂಗಿ ಅಲ್ಲಾಡಿತು, ನಿಜವಾಗಿ. ಅವರ ಎಡಗೈ ಅವರ ಕಾಲಿನಲ್ಲಿದೆ ಅಂತ ಆಗ ಹೊಳೆಯಿತು. ಅಲ್ಲಿ ಸೂಕ್ಷ್ಮ ಹುಡುಕಬಾರದು. ಆದರೆ ಸಾವಿರಾರು ಜನ ಒಂದೇ ತಾಳಕ್ಕೆ ತಲೆ ಹಾಕುತ್ತಿದ್ದರು, ಒಬ್ಬರೂ ಕಾಫಿಗೆ ಎದ್ದು ಹೋಗಲಿಲ್ಲ! ಅದೊಂದು ವಿಷಯದಲ್ಲಿ ನಮ್ಮ ರಸಿಕರಿಗಿಂತ ಆ ಕಪ್ಪು ಟೀಶರ್ಟಿನ ಹುಡುಗರು ವಾಸಿ.

ಕುಂದಗೋಳದ್ದು ಬೇರೆಯೇ ಲೋಕ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು, ಹುಬ್ಬಳ್ಳಿಯಿಂದ ಒಂದಿಪ್ಪತ್ತು ಕಿಲೋಮೀಟರು. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಇಬ್ಬರಿಗೂ ಗುರುಗಳು ಅವರು. 1952ರಲ್ಲಿ ತೀರಿಕೊಂಡರು. ಅವರ ಪುಣ್ಯತಿಥಿಗೆ ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ಹಾಡುಗಾರಿಕೆ. ಅವರ ಗುರು ಅಬ್ದುಲ್ ಕರೀಂ ಖಾನ್ ಸಾಹೇಬರು ಬಂದು ತಂಗುತ್ತಿದ್ದ ಮನೆ ಅದು. ನಾನು ಹೋದದ್ದು ಒಂದೇ ಸಲ. ಜಮಖಾನೆ ಮೇಲೆ ಕಾಲು ಮಡಿಚಿ ಕೂತದ್ದು, ನಡುರಾತ್ರಿ ಮಿರ್ಚಿ, ಗಿರ್ಮಿಟ್ಟು, ಚಹಾ. ಹಳೇ ಮೈಸೂರಿನವನಾದ ನಾನು ಅಭ್ಯಾಸಬಲದಿಂದ ತೊಡೆ ಮೇಲೆ ತಾಳ ತಟ್ಟುತ್ತಿದ್ದೆ. ಪಕ್ಕದ ಯಜಮಾನರು ನನ್ನ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಟ್ಟರು. “ಅಂವಾ ತಬಲಾ ಬಾರಸ್ತಾನ್ರೀ, ನೀವ್ ಸುಮ್ಮ ಕೇಳ್ರಿ” ಅಂದರು. ಎರಡು ಗಂಟೆಯ ಹೊತ್ತಿಗೆ ನನ್ನ ಕಣ್ಣು ಎಳೆಯುವುದನ್ನು ನೋಡಿ ಅವರೇ, “ನಿದ್ದಿ ಬಂದ್ರ ಮಲಕೋರಿ, ಭೈರವಿಗೆ ಎಬ್ಬಸ್ತೀನಿ” ಅಂದರು. ಮಲಗಿದೆ. ಎಚ್ಚರವಾದಾಗ ಭೈರವಿ ಶುರುವಾಗಿತ್ತು, ಯಜಮಾನರು ಗೊರಕೆ ಹೊಡೆಯುತ್ತಿದ್ದರು.

ನಿದ್ದೆ ಕೆಟ್ಟಿದ್ದಕ್ಕೆ ಏನು ಸಿಕ್ಕಿತು? ಬೆಳಗಿನ ಜಾವದ ರಾಗಗಳು. ಬೆಂಗಳೂರಿನಲ್ಲಿ ಸಂಜೆ ಆರಕ್ಕೆ ಶುರುವಾಗಿ ಒಂಬತ್ತೂವರೆಗೆ ಮುಗಿಯುವ ಕಚೇರಿಯಲ್ಲಿ ಯಮನ್ ಕೇಳಬಹುದು, ಬಾಗೇಶ್ರೀ ಕೇಳಬಹುದು, ಲಲಿತ್ ಯಾರು ಹಾಡುತ್ತಾರೆ? ಬಯಲಿನಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವ ಹಾಗಿಲ್ಲ ಅಂತ ನಿಯಮ ಬಂದ ಮೇಲೆ ಆ ಹೊತ್ತಿನ ರಾಗಗಳು ಹೆಚ್ಚಾಗಿ ರೆಕಾರ್ಡಿಂಗಿನಲ್ಲೇ ಉಳಿದವು. ತಬಲಾದ ಎಡಗೈ ಡಗ್ಗಾ, ಅದರ ನಾದ ಆ ವಾಡೆಯಲ್ಲಿ ಹೇಗಿತ್ತು ಅಂದರೆ, ಪಕ್ಕದ ಕೋಣೆಯಲ್ಲಿ ಯಾರೋ ಮೆಲ್ಲಗೆ ಮಾತಾಡಿದ ಹಾಗೆ. ನನ್ನ ಪಟ್ಟಿಯಲ್ಲಿ ಅದಕ್ಕೆ ಎರಡನೇ ಜಾಗ. ಮೊದಲ ಜಾಗ ಕೊಡುತ್ತಿದ್ದೆ, ಆದರೆ ನನ್ನ ಸೊಂಟ ಒಪ್ಪುವುದಿಲ್ಲ.

ಮೊದಲ ಜಾಗ ಬೀದಿ ಗಣಪತಿಗೆ. ಮೈಸೂರಿನಲ್ಲಿ ಬೀದಿ ಕಚೇರಿ ಅಂದರೆ ಎಲ್ಲರೂ ವಾಣಿವಿಲಾಸ ರಸ್ತೆಯ ಎಂಟನೇ ಕ್ರಾಸ್ ಹೆಸರು ಹೇಳುತ್ತಾರೆ. ಅದು ಈಗ ದೊಡ್ಡ ಹಬ್ಬ, ದೊಡ್ಡ ದೊಡ್ಡವರೆಲ್ಲ ಬಂದು ಹಾಡಿದ್ದಾರೆ. ನಾನು ಹೇಳುವುದು ಅದಕ್ಕಿಂತ ಸಣ್ಣವು, ನಮ್ಮ ಅಮ್ಮನ ಮನೆಯ ಬೀದಿಯಂಥವು. ರಸ್ತೆಗೆ ಅಡ್ಡ ಪೆಂಡಾಲ್, ಮಂಚದಷ್ಟು ವೇದಿಕೆ, ನೂರು ಕುರ್ಚಿ. ಕುರ್ಚಿ ಸಿಗದವರಿಗೆ ಜಗಲಿ, ಕಾಂಪೌಂಡು, ಸ್ಕೂಟರಿನ ಸೀಟು.

ಇಲ್ಲೇ ನನಗೆ ಒಂದು ಗುಟ್ಟು ಗೊತ್ತಾದದ್ದು. ಕಚೇರಿಯಲ್ಲಿ ಮೃದಂಗದವರು ಗಾಯಕರ ಬಲಗಡೆ ಕೂರುತ್ತಾರೆ, ಪಿಟೀಲಿನವರಿಗೆ ಎದುರಾಗಿ. ಹಾಗೆ ಕೂತಾಗ ವಾದ್ಯದ ಬಲಬದಿ ಸಭೆಯ ಕಡೆ, ಎಡಬದಿ ವೇದಿಕೆಯ ಹಿಂದಿನ ಪರದೆಯ ಕಡೆ. ಎಡಗೈ ವಾದಕರಾದರೆ ಜಾಗ ಅದಲುಬದಲು ಮಾಡುತ್ತಾರೆ, ಆಗಲೂ ಕರಣೆಯ ಬದಿಯೇ ನಮ್ಮ ಕಡೆ. ಅಂದರೆ ಮುಂದೆ ಕೂತ ನಾವು ಇಷ್ಟು ವರ್ಷ ಕೇಳಿದ್ದು ಮೃದಂಗದ ಅರ್ಧ ಮುಖ! ಮುಂದಿನ ಸಾಲಿಗೆ ದುಡ್ಡು ಜಾಸ್ತಿ ಕೊಟ್ಟವರಿಗೂ ಅಷ್ಟೇ. ಗುಮಕಿ ಪೂರ್ತಿ ಬೇಕಾದರೆ ವೇದಿಕೆಯ ಹಿಂದೆ ಕೂರಬೇಕು. ಯಾವ ಹಾಲ್‌ನಲ್ಲಿ ಬಿಡುತ್ತಾರೆ? ಬೀದಿಯಲ್ಲಿ ಬಿಡುತ್ತಾರೆ. ಏಕೆಂದರೆ ವೇದಿಕೆಯ ಹಿಂದಿರುವುದು ಯಾರದೋ ಮನೆಯ ಗೇಟು, ಆ ಮನೆಯವರು ನಮ್ಮ ಅಮ್ಮನ ಗೆಳತಿ. “ಬಾರೋ, ಇಲ್ಲೇ ಮೆಟ್ಟಿಲ ಮೇಲೆ ಕೂತ್ಕೋ, ಕಾಫಿ ತರ್ತೀನಿ” ಅಂದರು. ಪರದೆ ಬರೀ ಒಂದು ಹಳೇ ಬೆಡ್‌ಶೀಟು. ನನಗೂ ಮೃದಂಗಕ್ಕೂ ನಾಲ್ಕು ಅಡಿ.

ಹಾಡುಗಾರಿಕೆ ಅಲ್ಲಿಂದ ಮಸುಕು. ಬಾಕ್ಸುಗಳು ಆ ಕಡೆ ಮುಖ ಮಾಡಿವೆಯಲ್ಲ. ಸಾಹಿತ್ಯ ಅರ್ಧಕ್ಕರ್ಧ ಗೊತ್ತಾಗಲಿಲ್ಲ. ಸೊಳ್ಳೆ ಬೇರೆ. ಆದರೆ ಎಡಗೈ! ಮೈಕಿನಲ್ಲಿ ಒಂದೇ ‘ಗುಂ’ ಅಂತ ಕೇಳುವುದು ಹತ್ತಿರದಿಂದ ಮೂರು ಥರ ಇತ್ತು. ಅಂಗೈ ಚರ್ಮದ ಮೇಲೆ ಸವರುವ ಸದ್ದು ಕೂಡ ಕೇಳುತ್ತಿತ್ತು. ವಾದಕರು ಇನ್ನೂ ಹುಡುಗ, ಮೀಸೆ ಸರಿಯಾಗಿ ಬಂದಿರಲಿಲ್ಲ. ತನಿಯಲ್ಲಿ ಒಂದು ಕಡೆ ಲೆಕ್ಕ ತಪ್ಪಿದ, ತಪ್ಪಿದ್ದಕ್ಕೆ “ಥೂ” ಅಂತ ಸಣ್ಣಗೆ ಬೈದುಕೊಂಡ, ಮುಂದಿನ ಆವರ್ತದಲ್ಲಿ ಸರಿಮಾಡಿಕೊಂಡ. ಮುಂದೆ ಕೂತವರು ಚಪ್ಪಾಳೆ ತಟ್ಟುತ್ತಿದ್ದರು.

ಕಚೇರಿ ಮುಗಿದ ಮೇಲೆ ಪರದೆ ಸರಿಸಿ ಹಿಂದೆ ಬಂದ. ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ರವೆ ಕೆರೆದು ತೆಗೆಯತೊಡಗಿದ. ಒಂದು ನಾಣ್ಯದ ಅಂಚಿನಿಂದ, ಚರ್ಮಕ್ಕೆ ನೋವಾಗದ ಹಾಗೆ. ಇಡ್ಲಿಯಷ್ಟು ಉಂಡೆಯಾಯಿತು. ಎಲ್ಲಿ ಹಾಕುವುದು ಅಂತ ಆ ಕಡೆ ಈ ಕಡೆ ನೋಡಿದ. ನಾನು ಖಾಲಿಯಾದ ಕಾಫಿ ಲೋಟ ಮುಂದೆ ಹಿಡಿದೆ.