ಟೆಸೆರಾಕ್ಟ್ ಒಂದು, ಇಡುವ ಜಾಗ ನಾಲ್ಕು

ಸೋರ್ಸ್‌ನಿಂದ ಕಂಪೈಲ್ ಮಾಡಿದ, ಅಂದರೆ ಮೂಲ ಕೋಡ್‌ನಿಂದ ನಾವೇ ತಯಾರಿಸಿಕೊಂಡ ಸಾಫ್ಟ್‌ವೇರ್ ಎಲ್ಲಿಡಬೇಕು? ಹಾಕುವಾಗ ಯಾವ ಜಾಗವಾದರೂ ಸರಿ ಅನ್ನಿಸುತ್ತದೆ, ತೆಗೆಯುವಾಗ ಬಣ್ಣ ಬಯಲಾಗುತ್ತದೆ. ದಾವಣಗೆರೆ ವಿದ್ಯಾನಗರದ ನಮ್ಮ ಪುಟ್ಟ ಆಫೀಸಿನಲ್ಲಿ ಹಳೆ ಕನ್ನಡ ಪುಸ್ತಕಗಳ ಸ್ಕ್ಯಾನ್‌ನಿಂದ ಅಕ್ಷರ ತೆಗೆಯೋಕೆ ಟೆಸೆರಾಕ್ಟ್ ಬಳಸುತ್ತೇವೆ. ಮಷೀನ್‌ಗಳೆಲ್ಲ ಡೆಬಿಯನ್ ಲಿನಕ್ಸ್. ಹೊಸ ಆವೃತ್ತಿ ಬೇಕಾದಾಗ ನಾವೇ ಕಂಪೈಲ್ ಮಾಡಿಕೊಳ್ಳುತ್ತೇವೆ. ಅದನ್ನೇ ನಾಲ್ಕೂ ಕಡೆ ಹಾಕಿ, ತೆಗೆದು ನೋಡಿದೆ.

ಮೊದಲು /ಯುಎಸ್‌ಆರ್/ಲೋಕಲ್. ಈ ಜಾಗ ಇರುವುದೇ ಇದಕ್ಕೆ, ಸಿಸ್ಟಂ ಅಪ್‌ಡೇಟ್ ಇದರೊಳಗಿನ ಫೈಲ್ ಮುಟ್ಟಲ್ಲ. ಪಾಥ್‌ನಲ್ಲೂ, ಅಂದರೆ ಸಿಸ್ಟಂ ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲೂ, ಇದರ ಬಿನ್ (ಪ್ರೋಗ್ರಾಂ ಇರುವ ಫೋಲ್ಡರ್) ಮುಂದೆಯೇ ಇರುತ್ತದೆ. ಫೈಲ್ ಹಾಕೋಕೆ ಮೇಕ್ ಇನ್‌ಸ್ಟಾಲ್, ಆಮೇಲೆ ಹೊಸ ಲೈಬ್ರರಿಗಳನ್ನು ಸಿಸ್ಟಂಗೆ ತಿಳಿಸೋಕೆ ಎಲ್‌ಡಿಕಾನ್ಫಿಗ್, ಅಷ್ಟೇ. ಆದರೆ ಫೈಲ್‌ಗಳು ಬಿನ್, ಲಿಬ್, ಇನ್‌ಕ್ಲೂಡ್, ಶೇರ್ ಅಂತ ಚದುರಿ ಹೋಗುತ್ತವೆ, ಬಿಲ್ಡ್ ಫೋಲ್ಡರ್ ಅಳಿಸಿದ್ದರೆ ಮೇಕ್ ಅನ್‌ಇನ್‌ಸ್ಟಾಲ್ ಕೂಡ ಇಲ್ಲ, ಆಮೇಲೆ ಯಾವ ಫೈಲ್ ಯಾರದ್ದು ಅಂತ ಹುಡುಕುವುದು ಖಾರ ಮಂಡಕ್ಕಿಯಿಂದ ಒಗ್ಗರಣೆ ಆರಿಸಿದ ಹಾಗೆ.

/ಆಪ್ಟ್‌ನಲ್ಲಿ ಒಂದೊಂದಕ್ಕೂ ಅದರದ್ದೇ ಫೋಲ್ಡರ್. ಬೇಡವಾದರೆ ಫೋಲ್ಡರ್ ಅಳಿಸಿದರೆ ಆಯಿತು. ಆದರೆ ಪ್ರತಿಯೊಂದರ ಬಿನ್ ಅನ್ನೂ ಪಾಥ್‌ಗೆ ಸೇರಿಸುತ್ತಾ ಕೂರಬೇಕು, ಯಾರಿಗೆ ಬೇಕು ಆ ರಗಳೆ! ಮೊದಲೇ ಕಂಪೈಲ್ ಮಾಡಿ ಒಂದೇ ಫೈಲಾಗಿ ಕಟ್ಟಿ ಕೊಟ್ಟ ಟಾರ್‌ಬಾಲ್‌ಗಳಿಗೆ, ಅಂದರೆ ಫೈರ್‌ಫಾಕ್ಸ್‌ನಂಥವಕ್ಕೆ, ಇದೇ ಸರಿ.

ಹೋಮ್‌ನೊಳಗಿನ .ಲೋಕಲ್ ನನಗೆ ಇಷ್ಟ, ಸುಡೊ (ಅಡ್ಮಿನ್ ಅಧಿಕಾರದ ಕಮಾಂಡ್) ಬೇಡ, ಯಾರನ್ನೂ ಕೇಳಬೇಕಿಲ್ಲ. ಬಿನ್ ಫೋಲ್ಡರ್ ಹೊಸದಾಗಿ ಮಾಡಿದ್ದರೆ ಒಮ್ಮೆ ಲಾಗ್‌ಔಟ್ ಆಗಿ ಬನ್ನಿ, ಆಗಲೇ ಅದು ಪಾಥ್‌ಗೆ ಸೇರುವುದು. ಪಕ್ಕದ ಸೀಟಿನವರ ಲಾಗಿನ್‌ಗೆ ಮಾತ್ರ ಅದು ಕಾಣಲ್ಲ, ಸುಡೊ ಹಾಕಿ ಓಡಿಸಿದರೂ ಸಿಗಲ್ಲ. ಒಬ್ಬರ ಪ್ರಯೋಗಕ್ಕೆ ಸಾಕು, ಆಫೀಸಿಗೆ ಸಾಲದು.

ಕೊನೆಗೆ ಉಳಿದದ್ದು ಗ್ನೂ ಸ್ಟೋ. 1993ರಲ್ಲಿ ಹುಟ್ಟಿದ ಪರ್ಲ್ ಪ್ರೋಗ್ರಾಂ, ನೋಡೋಕೆ ಏನೂ ಇಲ್ಲ. ನಿಜವಾದ ಫೈಲ್‌ಗಳು /ಯುಎಸ್‌ಆರ್/ಲೋಕಲ್/ಸ್ಟೋ ಒಳಗೆ ಆವೃತ್ತಿಗೊಂದು ಫೋಲ್ಡರ್‌ನಲ್ಲಿ, ಹೊರಗಿನ ಬಿನ್, ಲಿಬ್‌ನಲ್ಲಿ ಬರೀ ಸಿಮ್‌ಲಿಂಕ್, ಅಂದರೆ ಆ ಫೈಲ್‌ಗಳತ್ತ ಬೆರಳು ತೋರಿಸುವ ಕೊಂಡಿ. ಹೊಸ ಟೆಸೆರಾಕ್ಟ್ ಕೈಕೊಟ್ಟರೆ ದೊಡ್ಡಕ್ಷರದ ಡಿ ಆಪ್ಷನ್ ಹಾಕಿ ಅದರ ಲಿಂಕ್ ಕಿತ್ತು, ಹಳೆಯದನ್ನು ಮತ್ತೆ ಸ್ಟೋ ಮಾಡಿದರೆ ವಾಪಸ್. ನಮ್ಮಲ್ಲಿ ಈಗ ಇದೇ.

ಒಂದು ಮಾತ್ರ ನೋಡಿಕೊಳ್ಳಿ. ಶೇರ್ ಒಳಗೆ ಟೆಸ್‌ಡೇಟಾ (ಟೆಸೆರಾಕ್ಟ್‌ನ ಭಾಷಾ ಫೈಲ್‌ಗಳ) ಫೋಲ್ಡರ್ ಮೊದಲೇ ಇಲ್ಲದಿದ್ದರೆ ಸ್ಟೋ ಒಂದೊಂದೇ ಫೈಲ್‌ಗೆ ಲಿಂಕ್ ಮಾಡಲ್ಲ, ಇಡೀ ಫೋಲ್ಡರನ್ನೇ ಲಿಂಕ್ ಮಾಡಿಬಿಡುತ್ತದೆ. ಅಲ್ಲಿ ನೀವು ಹಾಕಿದ ಕನ್ನಡದ ಟ್ರೇನ್ಡ್‌ಡೇಟಾ, ಅಂದರೆ ಕನ್ನಡ ಓದೋಕೆ ಬೇಕಾದ ಫೈಲ್, ಹೋಗಿ ಕೂರುವುದು ಆ ಆವೃತ್ತಿಯ ಫೋಲ್ಡರ್ ಒಳಗೆ. ಮುಂದೆ ಆ ಆವೃತ್ತಿ ಅಳಿಸಿದರೆ ಕನ್ನಡವೂ ಅದರ ಜೊತೆಗೇ ಹೋಯಿತು, ಅಲ್ವಾ? ಅದಕ್ಕೇ ಸ್ಟೋ ಓಡಿಸುವ ಮೊದಲು ಎಂಕೆಡಿಐಆರ್ ಕೊಟ್ಟು ಆ ಫೋಲ್ಡರ್ ಮಾಡಿಡಿ.